ಕುಟುಂಬಕ್ಕೆ ಎಲೆಕ್ಟ್ರಿಕ್ ಕಾರು: ಯಾವುದಾದ ಮೇಲೆ ಯಾವುದನ್ನು ಹೋಲಿಸಬೇಕು?

ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟವರ ಮನೆಯಲ್ಲಿ ಸಾಮಾನ್ಯವಾಗಿ ಒಂದೇ ಬಗೆಯ ಪಟ್ಟಿ ಸಿದ್ಧವಾಗುತ್ತದೆ. ಎಡಗಡೆ ನಾಲ್ಕೈದು ಕಾರುಗಳ ಹೆಸರು. ಮೇಲ್ಗಡೆ ಬೆಲೆ, ರೇಂಜ್ (ಒಮ್ಮೆ ತುಂಬಿಸಿದರೆ ಓಡುವ ದೂರ), ಪರದೆಯ ಅಳತೆ, ಸನ್‌ರೂಫ್. ಹೆಚ್ಚು ಅಂಕ ಬಂದ ಕಾರಿಗೆ ಮುಂಗಡ ಕೊಟ್ಟು ಬರುತ್ತಾರೆ. ಕಾರು ಬಂದ ಮೇಲೆ ತೊಂದರೆಗಳು ಒಂದೊಂದಾಗಿ ತಲೆ ಎತ್ತುತ್ತವೆ. ಅಪಾರ್ಟ್‌ಮೆಂಟ್ ಸಂಘ ಚಾರ್ಜರ್ ಹಾಕಲು ಒಪ್ಪುವುದಿಲ್ಲ. ಹಿಂದಿನ ಸೀಟಿನಲ್ಲಿ ಅಜ್ಜಿಗೆ ಅರ್ಧ ಗಂಟೆ ಕೂರಲಾಗುವುದಿಲ್ಲ. ಹಬ್ಬ ಮುಗಿಸಿ ಊರಿನಿಂದ ಮರಳುವಾಗ ಘಾಟಿಯ ಬುಡದಲ್ಲಿ ಬ್ಯಾಟರಿಯ ಅಂಕಿ ಕಂಡು ಗಾಬರಿಯಾಗುತ್ತದೆ.

ಇವರೆಲ್ಲ ಶ್ರಮಪಟ್ಟು ಹೋಲಿಸಿದವರೇ. ಎಡವಿದ್ದು ಕ್ರಮದಲ್ಲಿ. ಪೆಟ್ರೋಲ್ ಬಂಕ್ ಎಲ್ಲೆಡೆ ಇರುವುದರಿಂದ ಪೆಟ್ರೋಲ್ ಕಾರಿನ ಹೋಲಿಕೆಯನ್ನು ನೇರವಾಗಿ ಷೋರೂಂನಿಂದ ಶುರುಮಾಡಬಹುದು. ಎಲೆಕ್ಟ್ರಿಕ್ ಕಾರಿನ ಹೋಲಿಕೆ ಮನೆಯ ಪ್ಲಗ್‌ನಿಂದ ಶುರುವಾಗಬೇಕು. ಆಮೇಲೆ ನಿಮ್ಮ ಪ್ರಯಾಣ, ಕಾರಿನ ಸರದಿ ಅದರ ನಂತರ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಪ್ರತಿ ಹಂತದಲ್ಲೂ ಒಂದೆರಡು ಕಾರುಗಳು ಪಟ್ಟಿಯಿಂದ ತಾವಾಗಿ ಬಿದ್ದುಹೋಗುತ್ತವೆ.

## ಶುರುಮಾಡುವ ಮೊದಲು ಕೈಯಲ್ಲಿರಬೇಕಾದವು

ಇತ್ತೀಚಿನ ವಿದ್ಯುತ್ ಬಿಲ್, ಅಳತೆ ಟೇಪ್, ಒಂದು ನೋಟ್‌ಬುಕ್, ನಂಬಿಕೆಯ ಎಲೆಕ್ಟ್ರಿಷಿಯನ್ ಒಬ್ಬರ ಒಂದು ಗಂಟೆ. ಮೊಬೈಲ್‌ನಲ್ಲಿ ಪ್ಲಗ್‌ಶೇರ್ ಮತ್ತು ನಿಮ್ಮ ದಾರಿಯಲ್ಲಿರುವ ಚಾರ್ಜಿಂಗ್ ಕಂಪನಿಗಳ ಆ್ಯಪ್‌ಗಳು: ಟಾಟಾ ಪವರ್, ಝಿಯಾನ್, ಸ್ಟ್ಯಾಟಿಕ್ ಮುಂತಾದವು. ಊರಿಗೆ ಹೋಗುವಾಗ ನಿಜಕ್ಕೂ ಒಯ್ಯುವ ಸೂಟ್‌ಕೇಸ್‌ಗಳು ಮತ್ತು ಮಗುವಿನ ಸೀಟು ಐದನೇ ಹಂತಕ್ಕೆ ಬೇಕಾಗುತ್ತವೆ.

## ಹಂತ 1: ಮನೆಯ ಪ್ಲಗ್

ಬಿಲ್ಲಿನಲ್ಲಿ ‘ಮಂಜೂರಾದ ಲೋಡ್’ ಎಂಬ ಸಾಲನ್ನು ಹುಡುಕಿ. ಹಲವು ಮನೆಗಳಲ್ಲಿ ಅದು 3 ಕಿಲೋವ್ಯಾಟ್ ಅಥವಾ ಅದಕ್ಕೂ ಕಡಿಮೆ ಇರುತ್ತದೆ. ಕಾರಿನ ಜೊತೆ ಬರುವ, 15 ಆಂಪಿಯರ್ ಸಾಕೆಟ್‌ಗೆ ಚುಚ್ಚುವ ಚಾರ್ಜರ್ ಒಂದೇ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಗೋಡೆಗೆ ಹಾಕಿಸುವ ಚಾರ್ಜರ್ 7.2 ಕಿಲೋವ್ಯಾಟ್. ಬೆಳಿಗ್ಗೆ ಗೀಸರ್ ಮತ್ತು ಕಾರು ಒಟ್ಟಿಗೆ ಓಡುವ ಮನೆಯಲ್ಲಿ ಲೋಡ್ ಹೆಚ್ಚಿಸಿಕೊಳ್ಳದೆ ಗತ್ಯಂತರವಿಲ್ಲ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಯಾವುದೇ ಇರಲಿ, ಅರ್ಜಿ ಹಾಕಿ ಠೇವಣಿ ಕಟ್ಟಬೇಕು. ಮುಂಗಡ ಕೊಡುವ ಮೊದಲೇ ಆ ಖರ್ಚು ಮತ್ತು ಅದಕ್ಕೆ ಹಿಡಿಯುವ ದಿನಗಳನ್ನು ಕೇಳಿಟ್ಟುಕೊಳ್ಳಿ.

ಯಾವ ಚಾರ್ಜರ್ ಸಾಕು? ಸಾಧಾರಣ ಸಾಕೆಟ್‌ನಲ್ಲಿ ರಾತ್ರಿ 10 ಗಂಟೆ ಚುಚ್ಚಿಟ್ಟರೆ ಬ್ಯಾಟರಿಗೆ 25ರಿಂದ 28 ಯೂನಿಟ್ ಸೇರುತ್ತದೆ. ನಗರದ ಓಡಾಟಕ್ಕೆ ಅದು 150 ಕಿ.ಮೀ.ಗೂ ಹೆಚ್ಚು. ದಿನಕ್ಕೆ 50-60 ಕಿ.ಮೀ. ಓಡಿಸುವವರಿಗೆ ಅಷ್ಟೇ ಧಾರಾಳ. ಪ್ರವಾಸದಿಂದ ರಾತ್ರಿ ಬಂದು ಬೆಳಿಗ್ಗೆ ಮತ್ತೆ ದೂರ ಹೊರಡುವ ಮನೆಗೆ 7.2 ಕಿಲೋವ್ಯಾಟ್ ಚಾರ್ಜರ್ ಬೇಕು. 45 ಯೂನಿಟ್‌ನ ಬ್ಯಾಟರಿ ಅದರಲ್ಲಿ ಆರೇಳು ಗಂಟೆಯಲ್ಲಿ ತುಂಬುತ್ತದೆ. ಬ್ರೋಶರ್‌ನಲ್ಲಿ ಬ್ಯಾಟರಿಯ ಅಳತೆಯನ್ನು ಕಿಲೋವ್ಯಾಟ್ ಅವರ್ ಎಂದು ಬರೆದಿರುತ್ತಾರೆ. ನಿಮ್ಮ ಬಿಲ್ಲಿನ ಯೂನಿಟ್ ಎಂದರೂ ಅದೇ.

ಎಲೆಕ್ಟ್ರಿಷಿಯನ್ ನೋಡಬೇಕಾದವು ಮೂರು. ಅರ್ತಿಂಗ್ ಸರಿಯಿದೆಯೇ? ಮೀಟರ್‌ನಿಂದ ಪಾರ್ಕಿಂಗ್‌ವರೆಗೆ ಕಾರಿಗೇ ಮೀಸಲಾದ ಲೈನ್ ಎಳೆಯಬಹುದೇ? ಆ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಹಾಕಲು ಜಾಗವಿದೆಯೇ? ದೊಡ್ಡ ಚಾರ್ಜರ್‌ಗೆ ಸಾಮಾನ್ಯವಾಗಿ 6 ಚದರ ಮಿ.ಮೀ. ತಾಮ್ರದ ತಂತಿ ಬೇಕು; ದೂರ ಹೆಚ್ಚಾದರೆ ಇನ್ನೂ ದಪ್ಪ. ಮಲೆನಾಡು, ಕರಾವಳಿಯ ಹಳ್ಳಿಮನೆಗಳಲ್ಲಿ ಇನ್ನೊಂದು ಪರೀಕ್ಷೆಯೂ ಇದೆ: ಸಂಜೆ ಏಳೆಂಟರ ಹೊತ್ತಿಗೆ ವೋಲ್ಟೇಜ್ ಅಳೆಯಿಸಿ. ವೋಲ್ಟೇಜ್ ತೀರಾ ಕುಸಿದರೆ ಚಾರ್ಜರ್ ತಾನೇ ನಿಂತುಬಿಡುತ್ತದೆ. ಅರ್ತಿಂಗ್ ಇಲ್ಲದ ಹಳೆಯ ಮನೆಯ ಸಾಕೆಟ್‌ಗೆ ಚುಚ್ಚಿದರೆ ಬಹಳಷ್ಟು ಚಾರ್ಜರ್‌ಗಳು ಕೆಂಪು ದೀಪ ತೋರಿಸಿ ಸುಮ್ಮನಾಗುತ್ತವೆ. ಊರಿಗೆ ಹೋದಾಗ ಅಲ್ಲಿಯೇ ಚಾರ್ಜ್ ಮಾಡಿಕೊಳ್ಳುತ್ತೇವೆ ಎಂದು ಲೆಕ್ಕ ಹಾಕಿದ್ದರೆ ಊರಿನ ಮನೆಯ ಅರ್ತಿಂಗನ್ನೂ ಈಗಲೇ ನೋಡಿಸಿ.

ಅಪಾರ್ಟ್‌ಮೆಂಟ್‌ನಲ್ಲಿರುವವರು ಸಂಘದ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ. ‘ನೋಡೋಣ, ಮಾಡಿಕೊಡೋಣ’ ಎಂಬ ಬಾಯಿಮಾತು ಒಪ್ಪಿಗೆಯಲ್ಲ. ಕೇಬಲ್ ಯಾವ ದಾರಿಯಲ್ಲಿ ಹೋಗುತ್ತದೆ, ಖರ್ಚು ಯಾರದು, ಮೀಟರ್ ಯಾರ ಹೆಸರಿನಲ್ಲಿರುತ್ತದೆ, ಈ ಮೂರಕ್ಕೂ ಆ ಪತ್ರದಲ್ಲಿ ಉತ್ತರವಿರಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಪತ್ರ.

ಮನೆಯಲ್ಲೂ ಕಚೇರಿಯಲ್ಲೂ ಚಾರ್ಜ್ ಮಾಡುವ ಅನುಕೂಲ ಇಲ್ಲದಿದ್ದರೆ ಈಗ ಎಲೆಕ್ಟ್ರಿಕ್ ಕಾರು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಸಾರ್ವಜನಿಕ ಚಾರ್ಜರ್ ಒಂದನ್ನೇ ನೆಚ್ಚಿಕೊಂಡರೆ ಉಳಿತಾಯ ಕರಗುತ್ತದೆ, ವಾರಕ್ಕೆರಡು ಸಂಜೆ ಕಾಯುವುದರಲ್ಲೇ ಕಳೆಯುತ್ತದೆ.

ಅಪಾಯದ ಸೂಚನೆ: ಸಾಕೆಟ್ ಅಥವಾ ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾಗುವುದು, ಪ್ಲಗ್ಗಿನ ಪಿನ್ ಕಪ್ಪಾಗುವುದು, ಚಾರ್ಜಿಂಗ್ ಶುರುವಾದೊಡನೆ ಮನೆಯ ದೀಪ ಮಂಕಾಗುವುದು. ಮೂರರಲ್ಲಿ ಯಾವುದು ಕಂಡರೂ ಆ ಲೈನಿನಲ್ಲಿ ಮತ್ತೆ ಚಾರ್ಜ್ ಮಾಡಬೇಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಒಂದು ರಾತ್ರಿಗೂ ಕೂಡದು.

## ಹಂತ 2: ವರ್ಷದ ಪ್ರಯಾಣವನ್ನು ಕಾಗದಕ್ಕಿಳಿಸಿ

ಮೂರು ಸಾಲು ಸಾಕು. ದಿನದ ಓಡಾಟ ಎಷ್ಟು? ತಿಂಗಳಿಗೊಮ್ಮೆ ಹೋಗುವ ದೂರ ಎಷ್ಟು? ವರ್ಷದ ಅತಿ ಕಷ್ಟದ ಪ್ರಯಾಣ ಯಾವುದು?

ಮೂರನೆಯ ಸಾಲಿನ ಮೇಲೆ ಸಮಯ ಕಳೆಯಿರಿ. ಅತಿ ಕಷ್ಟದ ಪ್ರಯಾಣ ಎಂದರೆ ಐದೂ ಜನ, ತುಂಬಿದ ಡಿಕ್ಕಿ, ಎಸಿ, ಮಳೆ, ಹೆದ್ದಾರಿಯ ವೇಗ, ಘಾಟಿ ಎಲ್ಲ ಸೇರಿದ್ದು. ಬೆಂಗಳೂರಿನಲ್ಲಿರುವ ಕರಾವಳಿಯವರಿಗೆ ಅದು ಶಿರಾಡಿ ಘಾಟಿಯ ಮೇಲೆ ಮಂಗಳೂರು, ಸುಮಾರು 350 ಕಿ.ಮೀ. ಹುಬ್ಬಳ್ಳಿಯವರಿಗೆ ಸುಮಾರು 400 ಕಿ.ಮೀ. ನೇರ ಹೆದ್ದಾರಿ. ಮೈಸೂರಿನವರಿಗೆ 145 ಕಿ.ಮೀ. ಮಾತ್ರ, ಅಂಥವರು ಮುಂದಿನ ಎರಡು ಹಂತಗಳನ್ನು ಬೇಗ ದಾಟಬಹುದು.

ಆ ಪ್ರಯಾಣ ವರ್ಷಕ್ಕೆ ಎಷ್ಟು ಸಲ ಎಂಬುದನ್ನೂ ಬರೆಯಿರಿ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಹೋಗುವವರು ಅದಕ್ಕೆಂದು ದೊಡ್ಡ ಬ್ಯಾಟರಿಗೆ ಲಕ್ಷಗಟ್ಟಲೆ ಹೆಚ್ಚು ಕೊಡುವುದು ದಂಡ. ದಾರಿಯಲ್ಲಿ ಇನ್ನೊಂದು ಸಲ ನಿಂತರಾಯಿತು. ವಯಸ್ಸಾದ ತಂದೆತಾಯಿಯರನ್ನು ನೋಡಲು ತಿಂಗಳಿಗೆರಡು ಬಾರಿ ಹೋಗುವವರಿಗೆ ಆ ಹಣ ಸಾರ್ಥಕ.

## ಹಂತ 3: ಕಂಪನಿಯ ರೇಂಜನ್ನು ನಿಮ್ಮ ರೇಂಜ್ ಆಗಿಸಿ

ಜನ ಹೆಚ್ಚಾಗಿ ಎಡವುವುದು ಇಲ್ಲಿಯೇ. ಬ್ರೋಶರ್‌ನ ರೇಂಜ್ ಎಂಐಡಿಸಿ ಎಂಬ ಪರೀಕ್ಷೆಯದು. ಪ್ರಯೋಗಾಲಯದ ರೋಲರ್ ಮೇಲೆ, ನಿಗದಿತ ವೇಗದಲ್ಲಿ ಓಡಿಸಿ ಪಡೆದ ಅಂಕಿ ಅದು; ಗರಿಷ್ಠ ವೇಗವೇ ಗಂಟೆಗೆ 90 ಕಿ.ಮೀ. 45 ಯೂನಿಟ್ ಬ್ಯಾಟರಿಯ ನೆಕ್ಸಾನ್‌ಗೆ ಈ ಪರೀಕ್ಷೆ ಕೊಟ್ಟ ಅಂಕಿ 489 ಕಿ.ಮೀ. ನಿಜವಾದ ರಸ್ತೆಯಲ್ಲಿ 350ರಿಂದ 375 ಕಿ.ಮೀ. ಎಂದು ಟಾಟಾ ಕಂಪನಿಯೇ ಬೇರೆಯಾಗಿ ಹೇಳುತ್ತದೆ. ಎಲ್ಲ ಕಂಪನಿಗಳೂ ಹೀಗೆ ಎರಡನೆಯ ಅಂಕಿ ಕೊಡುವುದಿಲ್ಲ. ಹೀಗಾಗಿ ಒಂದು ಕಾರಿನ ಪರೀಕ್ಷಾ ಅಂಕಿಯನ್ನು ಇನ್ನೊಂದರ ರಸ್ತೆ ಅಂಕಿಯ ಪಕ್ಕದಲ್ಲಿಟ್ಟು ತೂಗುವ ತಪ್ಪು ಪದೇ ಪದೇ ನಡೆಯುತ್ತದೆ.

ರೇಂಜ್ ಎಂಬ ಅಂಕಿಯನ್ನೇ ಬದಿಗಿಡಿ. ಬೇಕಾದವು ಎರಡು: ಬ್ಯಾಟರಿಯ ಯೂನಿಟ್ ಎಷ್ಟು, ಒಂದು ಯೂನಿಟ್‌ಗೆ ಎಷ್ಟು ಕಿ.ಮೀ. ಗಂಟೆಗೆ 90-100 ಕಿ.ಮೀ. ವೇಗದ ಹೆದ್ದಾರಿಯಲ್ಲಿ, ಎಸಿ ಹಾಕಿ, ತುಂಬಿದ ಕಾರಿನಲ್ಲಿ, ಮಧ್ಯಮ ಗಾತ್ರದ ಕಾರುಗಳಿಗೆ ಯೂನಿಟ್‌ಗೆ 6 ಕಿ.ಮೀ., ದೊಡ್ಡ ಎಸ್‌ಯುವಿಗಳಿಗೆ 5.5 ಕಿ.ಮೀ. ಎಂದು ಹಿಡಿಯಿರಿ. ಇದು ಲೆಕ್ಕ ಶುರುಮಾಡಲು ಮಾತ್ರ. ಟೆಸ್ಟ್ ಡ್ರೈವ್‌ನಲ್ಲಿ ನೀವೇ ಅಳೆದು ತಿದ್ದಿಕೊಳ್ಳುತ್ತೀರಿ. ವೇಗಕ್ಕೆ ಎಷ್ಟು ಬೆಲೆ ತೆರಬೇಕೆಂದರೆ, 80ರಿಂದ 100ಕ್ಕೆ ಏರಿದಾಗ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಸ್ವಲ್ಪ ಹೆಚ್ಚಾಗುತ್ತದೆ.

ಈಗ ಮಂಗಳೂರಿನ ದಾರಿಯಲ್ಲಿ ಮೂರು ಬ್ಯಾಟರಿಗಳನ್ನು ಓಡಿಸಿ ನೋಡೋಣ: 38 ಯೂನಿಟ್ (ಎಂಜಿ ವಿಂಡ್ಸರ್‌ನ ಚಿಕ್ಕ ಬ್ಯಾಟರಿ), 45 ಯೂನಿಟ್ (ನೆಕ್ಸಾನ್), 79 ಯೂನಿಟ್ (ಮಹೀಂದ್ರ ಎಕ್ಸ್‌ಇವಿ 9ಇ ಅಥವಾ ಬಿಇ 6ರ ದೊಡ್ಡ ಬ್ಯಾಟರಿ). ಹೋಗುವಾಗ ಹಾಸನದವರೆಗೆ ಸುಮಾರು 185 ಕಿ.ಮೀ. 6ರ ಲೆಕ್ಕದಲ್ಲಿ ಸುಮಾರು 31 ಯೂನಿಟ್ ಬೇಕು. 38ರ ಬ್ಯಾಟರಿಯಲ್ಲಿ ಉಳಿಯುವುದು ಶೇ 18, 45ರದರಲ್ಲಿ ಶೇ 31. ಎರಡೂ ಹಾಸನದ ಆಸುಪಾಸಿನಲ್ಲಿ ಒಮ್ಮೆ ಚಾರ್ಜ್ ಮಾಡಿಕೊಂಡು ಘಾಟಿ ಇಳಿಯಬಹುದು. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಮೋಟಾರ್ ಸ್ವಲ್ಪ ಚಾರ್ಜನ್ನು ಬ್ಯಾಟರಿಗೆ ಮರಳಿಸುವುದರಿಂದ ಈ ಭಾಗ ಹಗುರ.

ಬರುವಾಗ ಲೆಕ್ಕ ತಿರುಗುಮುರುಗಾಗುತ್ತದೆ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ. ಹಾಸನ, ಬೆಂಗಳೂರು ಎರಡೂ ಸುಮಾರು 900 ಮೀಟರ್ ಎತ್ತರದಲ್ಲಿವೆ. ಜನ, ಸಾಮಾನು ಸೇರಿ ಎರಡು ಟನ್ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸುವುದಕ್ಕೇ ಸುಮಾರು 5 ಯೂನಿಟ್ ಬೇಕು. ಮೋಟಾರಿನ ನಷ್ಟ ಸೇರಿಸಿದರೆ ಇನ್ನಷ್ಟು. ಮಂಗಳೂರಿನಿಂದ ಹಾಸನಕ್ಕೆ 170 ಕಿ.ಮೀ. ಎಂದರೆ 28 ಯೂನಿಟ್, ಏರಿಗೆ ಐದಾರು, ಒಟ್ಟು 34. 45 ಯೂನಿಟ್‌ನ ಕಾರು ಹಾಸನ ತಲುಪುವಾಗ ಶೇ 25 ಉಳಿಸಿಕೊಂಡಿರುತ್ತದೆ. 38ರ ಕಾರಿನಲ್ಲಿ ಉಳಿಯುವುದು ಶೇ 10. ದಾರಿಯಲ್ಲಿ ಲಾರಿ ಕೆಟ್ಟು ಒಂದು ಗಂಟೆ ನಿಂತರೂ ಎಸಿ ನಡೆಯುತ್ತಲೇ ಇರಬೇಕು. ಮಕ್ಕಳನ್ನು ಕೂರಿಸಿಕೊಂಡು ಅಷ್ಟು ಕಡಿಮೆಯಲ್ಲಿ ಹೋಗಬಾರದು. ಆ ಕಾರಿಗೆ ಘಾಟಿ ಹತ್ತುವ ಮೊದಲೇ ಇನ್ನೊಂದು ನಿಲುಗಡೆ ಬೇಕು. 79ರ ಕಾರು 5.5ರ ಲೆಕ್ಕದಲ್ಲಿ ಹೋಗುವಾಗ ಎಲ್ಲಿಯೂ ನಿಲ್ಲದೆ ಶೇ 15ಕ್ಕೂ ಹೆಚ್ಚು ಉಳಿಸಿಕೊಂಡು ತಲುಪುತ್ತದೆ. ಬರುವಾಗ ಅದಕ್ಕೂ ಒಂದು ಚಿಕ್ಕ ನಿಲುಗಡೆ ಬೇಕು.

ಮೂರೂ ಕಾರುಗಳು ಮಂಗಳೂರಿಗೆ ಹೋಗಿ ಬರುತ್ತವೆ. ವ್ಯತ್ಯಾಸ ಇರುವುದು ಎಷ್ಟು ಸಲ, ಎಲ್ಲಿ ನಿಲ್ಲಬೇಕು ಎಂಬುದರಲ್ಲಿ. ನೀವು ಹೋಲಿಸಬೇಕಾದ ರೇಂಜ್ ಇದು. ನಿಮ್ಮ ಊರಿನ ದಾರಿಗೆ ಇದೇ ಲೆಕ್ಕವನ್ನು ಪಟ್ಟಿಯ ಪ್ರತಿ ಕಾರಿಗೂ ಹಾಕಿ. ಯಾವ ಘಟ್ಟದಲ್ಲೂ ಶೇ 15ಕ್ಕಿಂತ ಕೆಳಗೆ ಇಳಿಯಬಾರದು ಎಂಬ ನಿಯಮ ಇಟ್ಟುಕೊಳ್ಳಿ.

ಸಾಮಾನ್ಯ ತಪ್ಪು: ಟೆಸ್ಟ್ ಡ್ರೈವ್ ಕಾರಿನ ಪರದೆಯಲ್ಲಿ ‘ಇನ್ನು ಇಷ್ಟು ಕಿ.ಮೀ.’ ಎಂದು ಕಾಣುವ ಅಂಕಿಯನ್ನು ನಂಬುವುದು. ಹಿಂದೆ ಓಡಿಸಿದವರು ಹೇಗೆ ಓಡಿಸಿದ್ದರೋ ಅದರ ಮೇಲೆ ಆ ಅಂದಾಜು ನಿಂತಿರುತ್ತದೆ. ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಕನಿಷ್ಠ 30 ಕಿ.ಮೀ. ಹೆದ್ದಾರಿಯಲ್ಲಿ ಓಡಿಸಿ, ಸರಾಸರಿ ಬಳಕೆ ಬರೆದುಕೊಳ್ಳಿ. ಕೆಲವು ಕಾರುಗಳು ಅದನ್ನು ಕಿ.ಮೀ.ಗೆ ಇಷ್ಟು ವ್ಯಾಟ್ ಅವರ್ ಎಂದು ತೋರಿಸುತ್ತವೆ. 1000ವನ್ನು ಆ ಅಂಕಿಯಿಂದ ಭಾಗಿಸಿದರೆ ಯೂನಿಟ್‌ಗೆ ಎಷ್ಟು ಕಿ.ಮೀ. ಎಂದು ಸಿಗುತ್ತದೆ. 160 ಎಂದಿದ್ದರೆ 6.25 ಕಿ.ಮೀ.

## ಹಂತ 4: ದಾರಿಯ ಚಾರ್ಜರ್ ಮೊದಲು, ಕಾರಿನ ಚಾರ್ಜಿಂಗ್ ವೇಗ ಆಮೇಲೆ

ಮಹೀಂದ್ರದ 79 ಯೂನಿಟ್ ಬ್ಯಾಟರಿ 175 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಶೇ 20ರಿಂದ 80ಕ್ಕೆ 20 ನಿಮಿಷದಲ್ಲಿ ಏರುತ್ತದೆ ಎಂದು ಕಂಪನಿ ಹೇಳುತ್ತದೆ. ನಿಮ್ಮ ದಾರಿಯಲ್ಲಿ ಇರುವುದು 60 ಕಿಲೋವ್ಯಾಟ್ ಚಾರ್ಜರ್ ಆದರೆ ಅದೇ ಕೆಲಸಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಬೇಕು. ಆ ಚಾರ್ಜರ್‌ಗೆ ಎರಡು ಗನ್ (ಕಾರಿಗೆ ಚುಚ್ಚುವ ಹಿಡಿ) ಇದ್ದು ಪಕ್ಕದಲ್ಲಿ ಇನ್ನೊಂದು ಕಾರು ಬಂದು ನಿಂತರೆ ಸಾಮಾನ್ಯವಾಗಿ 30-30 ಎಂದು ಹಂಚಿಹೋಗುತ್ತದೆ. ಕಾಯುವ ಹೊತ್ತು ದುಪ್ಪಟ್ಟು. ಇದಕ್ಕೆ ಎದುರಾದ ಪ್ರಸಂಗವೂ ಇದೆ: 38 ಯೂನಿಟ್‌ನ ವಿಂಡ್ಸರ್ ಗರಿಷ್ಠ 45 ಕಿಲೋವ್ಯಾಟ್ ಮಾತ್ರ ತೆಗೆದುಕೊಳ್ಳುತ್ತದೆ; ಅದನ್ನು 120ರ ಚಾರ್ಜರ್‌ಗೆ ಚುಚ್ಚಿದರೂ ಬೇಗ ತುಂಬುವುದಿಲ್ಲ. ಕಾರು, ಚಾರ್ಜರ್ ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ವೇಗ.

ಆ್ಯಪ್ ತೆರೆದು ಎರಡನೇ ಹಂತದ ಕಷ್ಟದ ದಾರಿಯಲ್ಲಿರುವ ವೇಗದ, ಅಂದರೆ ಡಿಸಿ ಚಾರ್ಜರ್‌ಗಳನ್ನು ಬರೆದುಕೊಳ್ಳಿ. ಪ್ರತಿಯೊಂದಕ್ಕೂ ಶಕ್ತಿ ಎಷ್ಟು, ಗನ್ ಎಷ್ಟು, ಈಚೆಗೆ ಯಾರಾದರೂ ಚಾರ್ಜ್ ಮಾಡಿದ ದಾಖಲೆ ಇದೆಯೇ, ಶೌಚಾಲಯ ಮತ್ತು ಹೋಟೆಲ್ ಇದೆಯೇ ಎಂಬುದನ್ನು ನೋಡಿ. ಅಮ್ಮ, ಮಕ್ಕಳು ಜೊತೆಗಿದ್ದಾಗ ಕೊನೆಯ ಎರಡು ಸಂಗತಿ ಕಿಲೋವ್ಯಾಟ್‌ಗಿಂತ ಮುಖ್ಯ. ಒಂದು ಕೆಟ್ಟಿದ್ದರೆ 20 ಕಿ.ಮೀ. ಒಳಗೆ ಇನ್ನೊಂದು ಸಿಗಬೇಕು. ಹಾಗೆ ಜೋಡಿ ಸಿಗದ ದಾರಿಗೆ ಒಂದು ಅಂತಸ್ತು ದೊಡ್ಡ ಬ್ಯಾಟರಿ ಬೇಕೆಂದೇ ತೀರ್ಮಾನಿಸಿ.

ಶೇ 80 ದಾಟಿದ ಮೇಲೆ ಎಲ್ಲ ಕಾರುಗಳ ಚಾರ್ಜಿಂಗ್ ನಿಧಾನವಾಗುತ್ತದೆ. ದಾರಿಯಲ್ಲಿ ಶೇ 100ರವರೆಗೆ ಕಾಯುವ ಯೋಜನೆ ಹಾಕಬೇಡಿ.

ಬ್ಯಾಟರಿಯ ರಸಾಯನದ ಬಗ್ಗೆ ಎರಡು ಮಾತು ಸಾಕು. ಎಲ್‌ಎಫ್‌ಪಿ ಬಗೆಯದು ಹೆಚ್ಚು ಬಿಸಿ ತಾಳುತ್ತದೆ, ಆಗಾಗ ಶೇ 100ರವರೆಗೆ ತುಂಬಿಸಬಹುದು. ನೆಕ್ಸಾನ್, ವಿಂಡ್ಸರ್, ಮಹೀಂದ್ರದ ಈ ಎರಡು ಕಾರುಗಳಲ್ಲಿ ಇರುವುದು ಇದೇ. ಎನ್‌ಎಂಸಿ ಬಗೆಯದು ಅದೇ ತೂಕದಲ್ಲಿ ಹೆಚ್ಚು ಯೂನಿಟ್ ಹಿಡಿಯುತ್ತದೆ, ದಿನನಿತ್ಯ ಶೇ 80ಕ್ಕೆ ನಿಲ್ಲಿಸುವುದು ಒಳ್ಳೆಯದು. ಹುಂಡೈ ಕ್ರೆಟಾ ಎಲೆಕ್ಟ್ರಿಕ್ ಈ ಗುಂಪಿನದು. ಇದೊಂದನ್ನೇ ನೋಡಿ ಕಾರನ್ನು ತಳ್ಳಿಹಾಕಬೇಕಿಲ್ಲ.

## ಹಂತ 5: ಇಡೀ ಕುಟುಂಬವನ್ನು ಕೂರಿಸಿ

ಇಷ್ಟು ಹೊತ್ತಿಗೆ ಪಟ್ಟಿಯಲ್ಲಿ ಮೂರು ಕಾರು ಉಳಿದಿರಬೇಕು. ಈಗ ಷೋರೂಂಗೆ ಹೋಗಿ, ಎಲ್ಲರೂ ಒಟ್ಟಿಗೆ. ಗಂಡ ಹೆಂಡತಿ ಇಬ್ಬರೇ ಹೋಗಿ ಮುಂದಿನ ಸೀಟಿನಲ್ಲಿ ಕೂತು ಬಂದರೆ ಅದು ಕುಟುಂಬದ ಕಾರಿನ ಪರೀಕ್ಷೆ ಆಗಲಿಲ್ಲ.

ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ನೆಲದಡಿಯಲ್ಲಿರುತ್ತದೆ. ಪೆಟ್ರೋಲ್ ಕಾರನ್ನೇ ಎಲೆಕ್ಟ್ರಿಕ್ ಆಗಿ ಮಾರ್ಪಡಿಸಿದ ಮಾದರಿಗಳಲ್ಲಿ ಹಿಂದಿನ ಸೀಟಿನ ನೆಲ ಮೇಲೆ ಬಂದು, ಕೂತವರ ಮೊಣಕಾಲು ಎತ್ತರಕ್ಕೇರಿ, ತೊಡೆಯ ಕೆಳಗೆ ಆಸರೆ ಇಲ್ಲದಂತಾಗುತ್ತದೆ. ಐದು ನಿಮಿಷದಲ್ಲಿ ಇದು ಗೊತ್ತಾಗುವುದಿಲ್ಲ, ಕುಣಿಗಲ್ ದಾಟುವಷ್ಟರಲ್ಲಿ ಸೊಂಟ ಹೇಳುತ್ತದೆ. ಮನೆಯ ಹಿರಿಯರನ್ನೂ ಅತಿ ಎತ್ತರದವರನ್ನೂ ಹಿಂದೆ 20 ನಿಮಿಷ ಕೂರಿಸಿ. ಅವರ ಅಂಗೈ ತೊಡೆಯ ಕೆಳಗೆ ಸಲೀಸಾಗಿ ತೂರಿದರೆ ಅಲ್ಲಿ ಆಸರೆ ಇಲ್ಲವೆಂದೇ ಅರ್ಥ. ಸೀರೆ ಉಟ್ಟವರು ಹತ್ತಿ ಇಳಿಯಲಿ. ಇಳಿಯುವಾಗ ಬಾಗಿಲ ಹಿಡಿ ಹಿಡಿದು ಜೋತುಬೀಳಬೇಕಾಗುತ್ತದೆಯೇ ಗಮನಿಸಿ.

ನಂತರ ಡಿಕ್ಕಿ. ಲೀಟರ್ ಲೆಕ್ಕ ಬೇಡ, ಸೂಟ್‌ಕೇಸ್ ಇಟ್ಟು ಬಾಗಿಲು ಹಾಕಿ ನೋಡಿ. ಸ್ಟೆಪ್ನಿ ಇದೆಯೇ ಎಂದು ಮ್ಯಾಟ್ ಎತ್ತಿ ನೋಡಿ. ಹಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಸ್ಟೆಪ್ನಿಯ ಬದಲು ಪಂಕ್ಚರ್ ಕಿಟ್ ಇರುತ್ತದೆ. ಟೈರಿನ ಬದಿ ಹರಿದರೆ ಕಿಟ್ ಉಪಯೋಗಕ್ಕೆ ಬರುವುದಿಲ್ಲ. ಕಾಡು, ಘಾಟಿಗಳಲ್ಲಿ ಓಡಾಡುವವರು ಸ್ಟೆಪ್ನಿಗೆ ಹೆಚ್ಚು ಅಂಕ ಕೊಡಿ. ಮಗುವಿನ ಸೀಟನ್ನು ಐಸೋಫಿಕ್ಸ್ ಕೊಂಡಿಗೆ ಸಿಕ್ಕಿಸಿದ ಮೇಲೆ ಪಕ್ಕದಲ್ಲಿ ಇಬ್ಬರು ಕೂರಬಹುದೇ ನೋಡಿ.

ಓಡಿಸುವಾಗ ಐವರನ್ನೂ ಕೂರಿಸಿಕೊಂಡು ನಿಮ್ಮ ಬೀದಿಯ ಅತಿ ಎತ್ತರದ ಉಬ್ಬನ್ನು ದಾಟಿಸಿ. ತಳ ತಾಗುವ ಸದ್ದು ಬಂದರೆ ಆ ಕಾರನ್ನು ಅಲ್ಲಿಗೇ ಬಿಡಿ, ತಳದಲ್ಲಿರುವುದು ಬ್ಯಾಟರಿ. ಇನ್ನೊಂದು ಸಂಗತಿಯನ್ನು ಚಾಲಕರ ಸೀಟಿನಲ್ಲಿ ಕೂತವರು ಎಂದೂ ಅರಿಯರು. ಆಕ್ಸಿಲರೇಟರ್‌ನಿಂದ ಕಾಲು ತೆಗೆದೊಡನೆ ಕಾರು ತಾನೇ ತಡೆದು ಚಾರ್ಜ್ ಮರಳಿಸಿಕೊಳ್ಳುತ್ತದಲ್ಲ, ಅದು ಜೋರಾಗಿದ್ದರೆ ಹಿಂದೆ ಕೂತ ಮಕ್ಕಳಿಗೆ ತಲೆ ಸುತ್ತಿ ವಾಂತಿ ಬರುತ್ತದೆ. ಆ ತಡೆಯನ್ನು ಕಡಿಮೆ ಮಾಡಬಹುದೇ, ಪೂರ್ತಿ ತೆಗೆಯಬಹುದೇ, ಪ್ರತಿ ಸಲ ಕಾರು ಶುರುಮಾಡಿದಾಗ ಮತ್ತೆ ಹೊಂದಿಸಬೇಕೇ ಎಂದು ಪರೀಕ್ಷಿಸಿ. ಆಮೇಲೆ ನೀವೇ ಹಿಂದೆ ಕೂತು, ಬೇರೆಯವರಿಗೆ ಓಡಿಸಲು ಹೇಳಿ.

## ಹಂತ 6: ಸುರಕ್ಷತೆ, ವಾರಂಟಿ, ಸರ್ವಿಸ್

ಭಾರತ್ ಎನ್‌ಸಿಎಪಿ ಅಪಘಾತ ಪರೀಕ್ಷೆ 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ನೆಕ್ಸಾನ್, ಪಂಚ್, ಕರ್ವ್, ಎಕ್ಸ್‌ಯುವಿ 400, ಬಿಇ 6, ಎಕ್ಸ್‌ಇವಿ 9ಇ ಎಲೆಕ್ಟ್ರಿಕ್ ಕಾರುಗಳಿಗೆ ಐದು ಸ್ಟಾರ್ ಬಂದಿದೆ. ನಿಮ್ಮ ಪಟ್ಟಿಯ ಕಾರಿಗೆ ಅಂಕ ಇದೆಯೇ, ಅದು ದೊಡ್ಡವರ ಸುರಕ್ಷತೆಗೆ ಎಷ್ಟು, ಮಕ್ಕಳ ಸುರಕ್ಷತೆಗೆ ಎಷ್ಟು ಎಂದು ಬೇರೆ ಬೇರೆಯಾಗಿ ನೋಡಿ.

ಬ್ಯಾಟರಿ ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಈಚೆಗೆ ಕೆಲವು ಕಂಪನಿಗಳು ‘ಜೀವಿತಾವಧಿ ವಾರಂಟಿ’ ಎನ್ನುತ್ತಿವೆ. ಅದು ಮೊದಲ ಮಾಲೀಕರಿಗೆ ಮಾತ್ರ. ಕಾರು ಮಾರಿದರೆ ಕೊಂಡವರಿಗೆ ಸಿಗುವುದು ಸೀಮಿತ ವಾರಂಟಿ. ಐದಾರು ವರ್ಷಕ್ಕೆ ಕಾರು ಬದಲಿಸುವವರು ಜೀವಿತಾವಧಿ ಎಂಬ ಮಾತಿಗೆ ಹೆಚ್ಚು ಬೆಲೆ ಕಟ್ಟಬೇಡಿ. ವಾರಂಟಿ ಪುಸ್ತಕವನ್ನೇ ಕೇಳಿ ತೆಗೆದುಕೊಂಡು ಓದಿ: ಬ್ಯಾಟರಿಯ ಸಾಮರ್ಥ್ಯ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸುತ್ತಾರೆ, ಸರ್ವಿಸ್ ತಪ್ಪಿದರೆ ರದ್ದಾಗುತ್ತದೆಯೇ, ನೀರು ನುಗ್ಗಿದರೆ ಏನು.

ಸರ್ವಿಸ್ ವಿಷಯದಲ್ಲಿ ಮಾರಾಟ ಪ್ರತಿನಿಧಿಯ ಮಾತು ಸಾಲದು. ನಿಮ್ಮ ಜಿಲ್ಲೆಯ ಸರ್ವಿಸ್ ಕೇಂದ್ರಕ್ಕೇ ಹೋಗಿ, ಹೈ ವೋಲ್ಟೇಜ್ ಕೆಲಸ ಮಾಡುವ ತರಬೇತಿ ಪಡೆದವರು ಅಲ್ಲೇ ಇದ್ದಾರೆಯೇ ಅಥವಾ ಬೆಂಗಳೂರಿನಿಂದ ಬರಬೇಕೇ ಎಂದು ಕೇಳಿ. ಅಂಗಳದಲ್ಲಿ ಧೂಳು ಹಿಡಿದು ನಿಂತ ಎಲೆಕ್ಟ್ರಿಕ್ ಕಾರುಗಳಿದ್ದರೆ ಎಷ್ಟು ದಿನದಿಂದ, ಯಾವ ಬಿಡಿಭಾಗಕ್ಕೆ ಕಾಯುತ್ತಿವೆ ಎಂದು ವಿಚಾರಿಸಿ. ಹಸಿರು ನಂಬರ್ ಪ್ಲೇಟಿನ ಅದೇ ಮಾದರಿಯ ಕಾರು ನಿಮ್ಮೂರಲ್ಲಿ ಕಂಡರೆ ಮಾಲೀಕರನ್ನು ಮಾತನಾಡಿಸಿ. ಕಾರು ಎಂದಾದರೂ ದಾರಿಯಲ್ಲಿ ನಿಂತಿದೆಯೇ ಎಂದು ಕೇಳಿ. ಹಾಗೆ ನಿಂತ ಪ್ರಸಂಗಗಳಲ್ಲಿ ದೊಡ್ಡ ಬ್ಯಾಟರಿಗೆ ಏನೂ ಆಗಿರದೆ, 12 ವೋಲ್ಟ್‌ನ ಚಿಕ್ಕ ಬ್ಯಾಟರಿ ಸತ್ತಿರುವುದು ಅಪರೂಪವಲ್ಲ. ಕಾರು ನಿಂತರೆ ನಾಲ್ಕೂ ಚಕ್ರ ಮೇಲಿಟ್ಟು ಒಯ್ಯುವ ಲಾರಿಯೇ ಬರಬೇಕು, ಹಗ್ಗ ಕಟ್ಟಿ ಎಳೆಸಬಾರದು. ಆ ಸೇವೆ ನಿಮ್ಮೂರಿಗೆ ಬರುತ್ತದೆಯೇ ತಿಳಿದುಕೊಳ್ಳಿ.

## ಹಂತ 7: ಹಣದ ಲೆಕ್ಕ

ಮೊದಲು ಹಳೆಯ ಮಾತುಗಳನ್ನು ಪಕ್ಕಕ್ಕಿಡಿ. ಎಲೆಕ್ಟ್ರಿಕ್ ವಾಹನ ಸಾಲದ ಬಡ್ಡಿಗೆ ಆದಾಯ ತೆರಿಗೆಯ 80ಇಇಬಿ ವಿನಾಯಿತಿ 2023ರ ಮಾರ್ಚ್ 31ರವರೆಗೆ ಮಂಜೂರಾದ ಸಾಲಗಳಿಗೆ ಮಾತ್ರ. ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯ ಸಹಾಯಧನ ಖಾಸಗಿ ಕಾರಿಗೆ ಇಲ್ಲ. ಕರ್ನಾಟಕದಲ್ಲಿ 25 ಲಕ್ಷಕ್ಕಿಂತ ಹೆಚ್ಚು ಬೆಲೆಯ ಎಲೆಕ್ಟ್ರಿಕ್ ಕಾರಿಗೆ 2024ರಲ್ಲಿ ಶೇ 10 ಜೀವಿತಾವಧಿ ತೆರಿಗೆ ಬಂತು. ಈ ನಿಯಮಗಳು ಬದಲಾಗುತ್ತಿರುತ್ತವೆ. ನೋಂದಣಿಯ ದಿನದ ದರವನ್ನು ಆರ್‌ಟಿಒ ಕಚೇರಿಯಲ್ಲೇ ಕೇಳಿ. ಜಿಎಸ್‌ಟಿ ಎಲೆಕ್ಟ್ರಿಕ್ ಕಾರಿಗೆ ಶೇ 5; ಚಿಕ್ಕ ಪೆಟ್ರೋಲ್ ಕಾರುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ಅದಕ್ಕೂ ಮುಂಚೆ ಯಾರೋ ಮಾಡಿದ ಪೆಟ್ರೋಲ್–ಎಲೆಕ್ಟ್ರಿಕ್ ಹೋಲಿಕೆ ಈಗ ಹೊಂದುವುದಿಲ್ಲ.

ಇನ್ನು ಓಡಿಸುವ ಖರ್ಚು. ವರ್ಷಕ್ಕೆ 15,000 ಕಿ.ಮೀ., ಯೂನಿಟ್‌ಗೆ ಸರಾಸರಿ 6.5 ಕಿ.ಮೀ. ಎಂದುಕೊಳ್ಳೋಣ. ಚಾರ್ಜಿಂಗ್‌ನಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ಮನೆಯ ಮೀಟರ್‌ನಲ್ಲಿ ಸುಮಾರು 2,600 ಯೂನಿಟ್. ಯೂನಿಟ್‌ಗೆ 7 ರೂಪಾಯಿಯಂತೆ ಸುಮಾರು 18,000 ರೂಪಾಯಿ. ಲೀಟರ್‌ಗೆ 14 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ, ಲೀಟರ್ 103 ರೂಪಾಯಿಯಂತೆ, 1.10 ಲಕ್ಷ ರೂಪಾಯಿ. ವರ್ಷದ ಉಳಿತಾಯ 92,000. ಎರಡು ಕಾರುಗಳ ಆನ್‌ರೋಡ್ ಬೆಲೆಯಲ್ಲಿ 4 ಲಕ್ಷ ವ್ಯತ್ಯಾಸವಿದ್ದರೆ ನಾಲ್ಕೂವರೆ ವರ್ಷದೊಳಗೆ ಸರಿಹೋಗುತ್ತದೆ. ಮನೆಯಲ್ಲಿ ಚಾರ್ಜ್ ಮಾಡದೆ ಎಲ್ಲವನ್ನೂ ಯೂನಿಟ್‌ಗೆ 22 ರೂಪಾಯಿಯ ಡಿಸಿ ಚಾರ್ಜರ್‌ನಲ್ಲಿ ತುಂಬಿಸಿದರೆ (ಸೋರಿಕೆ ಬಿಟ್ಟು ಸುಮಾರು 2,300 ಯೂನಿಟ್) ಉಳಿತಾಯ 60,000ಕ್ಕೆ ಇಳಿದು, ಏಳು ವರ್ಷಕ್ಕೆ ಹತ್ತಿರವಾಗುತ್ತದೆ. ಈ ದರಗಳ ಜಾಗದಲ್ಲಿ ನಿಮ್ಮ ಬಿಲ್ಲಿನ, ನಿಮ್ಮ ಬಂಕಿನ ದರ ಹಾಕಿ ಮತ್ತೆ ಲೆಕ್ಕ ಮಾಡಿ. ವರ್ಷಕ್ಕೆ ಆರೇಳು ಸಾವಿರ ಕಿ.ಮೀ. ಮಾತ್ರ ಓಡಿಸುವವರಿಗೆ ಹಣದ ಲೆಕ್ಕದಲ್ಲಿ ಎಲೆಕ್ಟ್ರಿಕ್ ಕಾರು ಗೆಲ್ಲುವುದು ಕಷ್ಟ. ಅವರು ಬೇರೆ ಕಾರಣಕ್ಕೆ ಕೊಳ್ಳಲಿ.

ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಯೋಜನೆಯನ್ನು ಎಚ್ಚರದಿಂದ ನೋಡಿ. 2024ರಲ್ಲಿ ವಿಂಡ್ಸರ್ ಬಂದಾಗ ಬ್ಯಾಟರಿ ಇಲ್ಲದೆ 9.99 ಲಕ್ಷ, ಜೊತೆಗೆ ಕಿ.ಮೀ.ಗೆ 3.5 ರೂಪಾಯಿ, ಬ್ಯಾಟರಿ ಸಮೇತ ಸುಮಾರು 13.5 ಲಕ್ಷ. ಒಂದು ಲಕ್ಷ ಕಿ.ಮೀ. ಓಡಿಸುವಷ್ಟರಲ್ಲಿ 3.5 ಲಕ್ಷ ಕೊಟ್ಟಾಗಿರುತ್ತದೆ, ಉಳಿಸಿದ್ದು ಅಷ್ಟೇ. ಚಾರ್ಜಿಂಗ್ ಖರ್ಚು ಅದರ ಮೇಲೆ ಬೇರೆ. ತಿಂಗಳಿಗೆ ಕನಿಷ್ಠ ಇಷ್ಟು ಕಿ.ಮೀ.ಗೆ ಕಟ್ಟಲೇಬೇಕೆಂಬ ಷರತ್ತು ಇದೆಯೇ, ಕಾರು ಮಾರುವಾಗ ಉಳಿದ ಬಾಕಿ ಏನಾಗುತ್ತದೆ ಎಂದು ಬ್ಯಾಟರಿಗೆ ಸಾಲ ಕೊಡುವ ಕಂಪನಿಯಿಂದ ಬರವಣಿಗೆಯಲ್ಲಿ ಪಡೆಯಿರಿ. ಆಫರ್‌ನ ದೊಡ್ಡ ಅಕ್ಷರ ಓದಿ ಈ ಷರತ್ತನ್ನು ಓದದವರು ತಿಂಗಳ ಕೊನೆಯಲ್ಲಿ ಕಂಗಾಲಾಗುತ್ತಾರೆ.

ವಿಮೆಯಲ್ಲಿ ಥರ್ಡ್ ಪಾರ್ಟಿ ಕಂತಿಗೆ ಶೇ 15 ರಿಯಾಯಿತಿ ಇದೆ. ಆದರೆ ಕಾರಿನ ಬೆಲೆಯೇ ಹೆಚ್ಚಾದ್ದರಿಂದ ಒಟ್ಟು ಕಂತು ಕಡಿಮೆಯಾಗುವುದಿಲ್ಲ. ಬ್ಯಾಟರಿಗೆ ನೀರು ನುಗ್ಗಿದರೆ, ಮನೆಯ ಚಾರ್ಜರ್ ಸುಟ್ಟರೆ ಪರಿಹಾರ ಇದೆಯೇ ನೋಡಿ. ಭಾರ ಹೆಚ್ಚಿರುವುದರಿಂದ ಟೈರ್ ಬೇಗ ಸವೆಯುತ್ತದೆ, ಅದಕ್ಕೂ ಸ್ವಲ್ಪ ಹಣ ಎತ್ತಿಡಿ.

## ಹಂತ 8: ಉಳಿದ ಎರಡು ಕಾರುಗಳು, ಮುಂಗಡ, ವಿತರಣೆ

ಎರಡನ್ನೂ ಒಂದೇ ದಿನ, ಒಂದೇ ದಾರಿಯಲ್ಲಿ, ಅದೇ ಜನರನ್ನು ಕೂರಿಸಿಕೊಂಡು ಓಡಿಸಿ. ಬೇರೆ ಬೇರೆ ವಾರ ಓಡಿಸಿದರೆ ಮಳೆ, ವಾಹನದಟ್ಟಣೆ ಬದಲಾಗಿ ಅಂಕಿಗಳನ್ನು ಹೋಲಿಸಲಾಗುವುದಿಲ್ಲ. ಸಾಧ್ಯವಾದರೆ ಟೆಸ್ಟ್ ಡ್ರೈವ್ ಕಾರನ್ನು ನಿಮ್ಮ ಪಾರ್ಕಿಂಗ್‌ಗೇ ತರಿಸಿ, ಚಾರ್ಜಿಂಗ್ ಬಾಯಿ ಗೋಡೆಯ ಕಡೆ ಬರುತ್ತದೆಯೇ, ಕೇಬಲ್ ಎಟುಕುತ್ತದೆಯೇ ನೋಡಿ. ಕೆಲವು ಕಾರುಗಳಲ್ಲಿ ಅದು ಮುಂದಿರುತ್ತದೆ, ಕೆಲವುಗಳಲ್ಲಿ ಹಿಂದಿನ ಪಕ್ಕದಲ್ಲಿ. ಅಳತೆ ಟೇಪ್ ಬೇಕಾಗುವುದು ಇದಕ್ಕೇ.

ಮುಂಗಡದ ರಸೀದಿಯಲ್ಲಿ ಇವಿಷ್ಟು ಬರೆಸಿ: ಮಾದರಿ ಮತ್ತು ಬ್ಯಾಟರಿಯ ಅಳತೆ, ಆನ್‌ರೋಡ್ ಬೆಲೆಯ ವಿವರ, ಗೋಡೆ ಚಾರ್ಜರ್ ಮತ್ತು ಅದನ್ನು ಕೂರಿಸುವ ಖರ್ಚು ಬೆಲೆಯಲ್ಲಿ ಸೇರಿದೆಯೇ, ಎಷ್ಟು ಮೀಟರ್ ಕೇಬಲ್ ಉಚಿತ, ಸಂಘದ ಒಪ್ಪಿಗೆ ಸಿಗದಿದ್ದರೆ ಮುಂಗಡ ವಾಪಸ್ ಆಗುತ್ತದೆಯೇ. ‘ಮುಂದಿನ ಸಾಫ್ಟ್‌ವೇರ್‌ನಲ್ಲಿ ಬರುತ್ತದೆ’ ಎಂದ ಯಾವ ಸೌಲಭ್ಯಕ್ಕೂ ಅಂಕ ಕೊಡಬೇಡಿ. ಇಂದು ಕಾರಿನಲ್ಲಿ ಇದ್ದದ್ದಷ್ಟೇ ಲೆಕ್ಕಕ್ಕೆ.

ವಿತರಣೆಗೆ ಮೊದಲು ಕಾರು ತಯಾರಾದ ತಿಂಗಳು ನೋಡಿ. ಅಂಗಳದಲ್ಲಿ ಬಹಳ ತಿಂಗಳು ನಿಂತ ಕಾರಾದರೆ 12 ವೋಲ್ಟ್ ಬ್ಯಾಟರಿಯನ್ನು ಪರೀಕ್ಷಿಸಲು ಹೇಳಿ. ಕಾರನ್ನು ಒಮ್ಮೆ ಎಸಿ (ಮನೆಯ ಬಗೆಯ) ಚಾರ್ಜರ್‌ಗೆ, ಒಮ್ಮೆ ಡಿಸಿ ಚಾರ್ಜರ್‌ಗೆ ಚುಚ್ಚಿಸಿ, ಎರಡೂ ಕಡೆ ಚಾರ್ಜಿಂಗ್ ಶುರುವಾದದ್ದನ್ನು ಪರದೆಯ ಮೇಲೆ ಕಣ್ಣಾರೆ ಕಾಣಿ. ಜೊತೆಗೆ ಬರುವ ಚಾರ್ಜರನ್ನು ಷೋರೂಂನ ಸಾಕೆಟ್‌ನಲ್ಲೇ ಚುಚ್ಚಿ ಕಾಲು ಗಂಟೆ ಬಿಡಿ. ಇಷ್ಟಾದ ಮೇಲೆ ಉಳಿದ ಹಣ ಕಟ್ಟಿ.